ಫೈನ್ ಕಟ್ಟಿದ್ರೆ ಮುಗೀತಾ? ಲೈಸೆನ್ಸ್ ಕಥೆ ಬೇರೆಯೇ ಇದೆ

ಶನಿವಾರ ರಾತ್ರಿ ಡ್ರಂಕ್ ಅಂಡ್ ಡ್ರೈವ್ ಕೇಸು. ಆಮೇಲೆ ಕೋರ್ಟು, ತಪ್ಪೊಪ್ಪಿಗೆ, 10,000 ರೂಪಾಯಿ ದಂಡ. ‘ಮುಗೀತು ಬಿಡು ಮಗಾ’ ಅಂತ ಗೆಳೆಯರ ಸಮಾಧಾನ. ನಮ್ಮ ಟೀಮಿನ ಒಬ್ಬರೂ ಹಾಗೇ ಅಂದುಕೊಂಡಿದ್ದರು, ಆರ್‌ಟಿಒ ನೋಟಿಸ್ ಬರೋ ತನಕ: ನಿಮ್ಮ ಲೈಸೆನ್ಸ್ ಯಾಕೆ ಅಮಾನತು ಮಾಡಬಾರದು?

ಮೋಟಾರು ವಾಹನ ಕಾಯ್ದೆಯ 185ನೇ ಸೆಕ್ಷನ್ ಕೇಸು ಕೋರ್ಟಿಗೆ ಹೋಗುತ್ತೆ. ಲೈಸೆನ್ಸನ್ನು ಪೊಲೀಸರು ಜಪ್ತಿ ಮಾಡಿ 19ನೇ ಸೆಕ್ಷನ್ ಕ್ರಮಕ್ಕೆ ಆರ್‌ಟಿಒಗೆ ಕಳಿಸುತ್ತಾರೆ. ಆಗ ಕೊಡೋ ರಶೀದಿ ತೋರಿಸಿ ಗಾಡಿ ಓಡಿಸಬಹುದು ಅಂತ ಬಹಳ ಜನ ನಂಬಿದ್ದಾರೆ. ಓಡಿಸುವಂತಿಲ್ಲ, 206ನೇ ಸೆಕ್ಷನ್ ಇದನ್ನು ನೇರವಾಗಿಯೇ ಹೇಳುತ್ತೆ.

ಇನ್ನು ಆ ತಪ್ಪೊಪ್ಪಿಗೆ. ಬೇಗ ಮುಗಿಸೋಣ ಅಂತ ತಲೆಯಾಡಿಸಿದರೂ ಅದು ಶಿಕ್ಷೆಯೇ. 185ರಲ್ಲಿ ಶಿಕ್ಷೆಯಾದರೆ ಕನಿಷ್ಠ ಆರು ತಿಂಗಳು ಲೈಸೆನ್ಸ್ ಅನರ್ಹಗೊಳಿಸಬೇಕು ಅಂತ 20ನೇ ಸೆಕ್ಷನ್ ಕೋರ್ಟಿಗೇ ಹೇಳುತ್ತೆ. ಹಾಗಾಗಿ ವಕೀಲರನ್ನು ಕೇಳೋದಿದ್ದರೆ ಒಪ್ಪಿಕೊಳ್ಳೋ ಮುಂಚೆ ಕೇಳಿ.

ನಿಮ್ಮ ಮಾತು ಕೇಳದೆ ಆರ್‌ಟಿಒ ಅಮಾನತು ಮಾಡುವಂತಿಲ್ಲ, ಕಾರಣವನ್ನೂ ಬರೆದೇ ಆದೇಶ ಕೊಡಬೇಕು. ಅಲ್ಲಿ ‘ಸಾರ್, ಮೊದಲ ಸಲ, ಆಫೀಸ್ ದೂರ’ ಅನ್ನೋದು ಅಷ್ಟಾಗಿ ನಡೆಯಲ್ಲ. ಕುಡಿದು ಓಡಿಸಿದವರ ಲೈಸೆನ್ಸ್ ಕನಿಷ್ಠ ಮೂರು ತಿಂಗಳು ಅಮಾನತು ಮಾಡಿ ಅಂತ ಸುಪ್ರೀಂ ಕೋರ್ಟ್ ನೇಮಿಸಿದ ರಸ್ತೆ ಸುರಕ್ಷತಾ ಸಮಿತಿ 2015ರಲ್ಲೇ ರಾಜ್ಯಗಳಿಗೆ ಹೇಳಿದೆ. ದಾಖಲೆ ಮಾತಾಡಬೇಕು. ಮಿತಿ 100 ಮಿಲಿ ರಕ್ತಕ್ಕೆ 30 ಮಿಲಿಗ್ರಾಂ. ಬಾಯಿಂದ ವಾಸನೆ ಬಂತು ಅನ್ನೋದು ಸಾಲದು, ಟೆಸ್ಟಿನ ರೀಡಿಂಗ್ ಬೇಕು. ಚೀಟಿಯಲ್ಲಿರೋ ಹೆಸರು, ಗಾಡಿ ನಂಬರ್, ಸಮಯ ಸರಿಯಿದೆಯಾ? ಓಡಿಸ್ತಿದ್ದದ್ದು ನೀವೇನಾ? ರಕ್ತ ಪರೀಕ್ಷೆಯ ವರದಿ ಇದ್ದರೆ ಅದು ಏನು ಹೇಳುತ್ತೆ? ‘ಊದಲ್ಲ’ ಅಂತ ಹಠ ಹಿಡಿಯೋದು ಮಾತ್ರ ಬೇಡ. ಸರಿಯಾದ ಕಾರಣವಿಲ್ಲದೆ ನಿರಾಕರಿಸಿದರೆ 205ನೇ ಸೆಕ್ಷನ್ ಪ್ರಕಾರ ಅದೇ ಪೊಲೀಸರ ವಾದಕ್ಕೆ ಬಲ ಕೊಡುತ್ತೆ. (ನಿಜವಾಗ್ಲೂ ಕುಡಿದು ಓಡಿಸಿದ್ದರೆ ಈ ಯಾವ ಪ್ರಶ್ನೆಯೂ ನಿಮ್ಮನ್ನು ಉಳಿಸಬಾರದು ಅನ್ನೋದು ನನ್ನ ಅಭಿಪ್ರಾಯ. ಆ ಮೂರು ತಿಂಗಳು ಮೆಟ್ರೊ ಹತ್ತಿ.)

ಆದೇಶ ಒಪ್ಪಿಗೆಯಾಗದಿದ್ದರೆ, ಅದು ಕೈಸೇರಿದ 30 ದಿನದೊಳಗೆ ಮೇಲ್ಮನವಿ ಸಲ್ಲಿಸಬಹುದು. ಅಷ್ಟರಲ್ಲಿ ಗಾಡಿ ಓಡಿಸಿ ಸಿಕ್ಕಿಬಿದ್ದರೆ ಅದು ಬೇರೆಯೇ ಕೇಸು. ಅಂದಹಾಗೆ, ಲೈಸೆನ್ಸಿನಲ್ಲಿ ಹಳೇ ಬಾಡಿಗೆ ಮನೆ ವಿಳಾಸವೇ ಇದ್ದರೆ ನೋಟಿಸ್ ಅಲ್ಲಿಗೇ ಹೋಗಬಹುದು. ಹಳೇ ಓನರ್‌ಗೆ ಒಂದು ಫೋನ್ ಮಾಡಿ.