ಪ್ರೊಫೈಲ್ ನೋಡಿದವರಿಗೆ ಕಂಡದ್ದೇನು?

2025ರ ಆಗಸ್ಟ್‌ನಲ್ಲಿ ಬಂಡೀಪುರದ ರಸ್ತೆಯಲ್ಲಿ ಸೆಲ್ಫಿಗಾಗಿ ಕಾಡಾನೆಯ ಹತ್ತಿರ ಹೋಗಿ, ಅದರ ಕಾಲಿಗೆ ಸಿಕ್ಕೂ ಬದುಕುಳಿದವರೊಬ್ಬರ ವಿಡಿಯೊ ಎಲ್ಲರ ಫೋನಿಗೂ ಬಂದಿತ್ತು. ಅದನ್ನು ತೆಗೆದವರು ರಸ್ತೆಯಲ್ಲಿದ್ದ ಬೇರೆಯವರು. ಅರಣ್ಯ ಇಲಾಖೆ ಆ ವಿಡಿಯೊದಿಂದಲೇ ಆಸಾಮಿಯನ್ನು ಪತ್ತೆಹಚ್ಚಿ 25,000 ರೂಪಾಯಿ ದಂಡ ಹಾಕಿತು. ಹೀಗೆ ಫೋನಿನಲ್ಲಿ ಕಂಡದ್ದರಿಂದ ಆಳನ್ನು ಗುರುತಿಸುವುದು ಅರಣ್ಯ ಇಲಾಖೆಯವರು ಮಾತ್ರವಲ್ಲ. ಅದೇ ಕಾಡಿನ ಇನ್ನೊಂದು ಅಂಚಿನಲ್ಲಿದೆ ಎಚ್.ಡಿ. ಕೋಟೆ ಸೀಮೆಯ ಎನ್. ಬೇಗೂರು. ಅಂಥ ಊರುಗಳಿಂದ ಡಿಗ್ರಿ ಓದಲು ಮೈಸೂರಿಗೆ ಹೋಗುವ ಹುಡುಗ ಹುಡುಗಿಯರ ರೀಲ್ಸ್‌ನಲ್ಲಿ ಊರಹಬ್ಬ, ಕಬಿನಿ ಹಿನ್ನೀರು, ಹಾಸ್ಟೆಲ್ ರೂಮಿನ ಬರ್ತ್‌ಡೇ ಕೇಕು ಎಲ್ಲವೂ ಇರುತ್ತವೆ. ಕ್ಯಾಂಪಸ್ ಸಂದರ್ಶನ ಹತ್ತಿರವಾದಾಗ ಸೀನಿಯರ್‌ಗಳು ಹೇಳುವ ಬುದ್ಧಿಮಾತು ಒಂದೇ: “ಪಾರ್ಟಿ ಫೋಟೊ ಗೀಟೊ ಇದ್ರೆ ತೆಗೆದುಬಿಡ್ರೋ, ಕಂಪನಿಯವರು ನೋಡ್ತಾರೆ.”

ನೋಡುವವರು ಇದ್ದಾರೆ, ಸುಳ್ಳಲ್ಲ. ಆದರೆ ನೋಡಿ ಅವರು ತಿಳಿದುಕೊಳ್ಳುವುದೇನು?

ಅಮೆರಿಕದ ಸಂಶೋಧಕ ಚಾಡ್ ವ್ಯಾನ್ ಇಡೆಕಿಂಗ್ ಮತ್ತು ಸಂಗಡಿಗರು ಇದನ್ನೇ ಪರೀಕ್ಷೆಗೆ ಒಡ್ಡಿದರು. ಕೆಲಸ ಹುಡುಕುತ್ತಿದ್ದ 400ಕ್ಕೂ ಹೆಚ್ಚು ಕಾಲೇಜು ವಿದ್ಯಾರ್ಥಿಗಳ ಫೇಸ್‌ಬುಕ್ ಪುಟಗಳನ್ನು ನೇಮಕಾತಿಯಲ್ಲಿ ಪಳಗಿದವರಿಗೆ ತೋರಿಸಿ ಅಂಕ ಹಾಕಿಸಿದರು. ವಿದ್ಯಾರ್ಥಿಗಳು ಕೆಲಸಕ್ಕೆ ಸೇರಿದ ಮೇಲೆ, ಅವರು ಹೇಗೆ ದುಡಿಯುತ್ತಿದ್ದಾರೆಂದು ಮೇಲಧಿಕಾರಿಗಳನ್ನು ಕೇಳಿದರು. 2016ರಲ್ಲಿ ಪ್ರಕಟವಾದ ಫಲಿತಾಂಶ ನೇಮಕಾತಿ ವಿಭಾಗಗಳಿಗೆ ಮುಜುಗರ ತರುವಂಥದ್ದು. ಪುಟ ನೋಡಿ ಹಾಕಿದ ಅಂಕಕ್ಕೂ ಕೆಲಸದ ಗುಣಮಟ್ಟಕ್ಕೂ ನಂಟೇ ಇರಲಿಲ್ಲ. ಯಾರು ಕೆಲಸ ಬಿಟ್ಟು ಹೋಗುತ್ತಾರೆ ಎಂಬುದನ್ನೂ ಆ ಅಂಕ ಹೇಳಲಿಲ್ಲ. ವ್ಯತ್ಯಾಸ ಎದ್ದು ಕಂಡದ್ದು ಬೇರೆ ಕಡೆ: ಕಪ್ಪು ವರ್ಣೀಯರಿಗಿಂತ ಮತ್ತು ಹಿಸ್ಪಾನಿಕ್ ಮೂಲದವರಿಗಿಂತ ಬಿಳಿಯರಿಗೆ ಹೆಚ್ಚು ಅಂಕ ಬಿದ್ದಿತ್ತು.

ಇದನ್ನು ನಮ್ಮ ಕಡೆಗೆ ತಿರುಗಿಸಿಕೊಂಡು ನೋಡಿ. ಖಾಸಗಿ ಕಂಪನಿಯ ಅರ್ಜಿಯಲ್ಲಿ ಜಾತಿಯ ಕಾಲಂ ಇರುವುದಿಲ್ಲ. ಇನ್‌ಸ್ಟಾಗ್ರಾಂನಲ್ಲಿ ಹೆಸರಿನ ಕೊನೆಗೆ ಗೌಡ ಇರುತ್ತದೆ, ನಾಯಕ ಇರುತ್ತದೆ. ಜಯಂತಿ ಮೆರವಣಿಗೆಯಲ್ಲಿ ಹಿಡಿದ ಬಾವುಟ ಇರುತ್ತದೆ, ಹಾಡಿಯ ಮನೆಯ ಮುಂದೆ ತೆಗೆದ ಫೋಟೊ ಇರುತ್ತದೆ. ಸಂದರ್ಶಕ ಬಾಯಿಬಿಟ್ಟು ಕೇಳಲಾಗದ ಪ್ರಶ್ನೆಗಳಿಗೆಲ್ಲ ಅಲ್ಲಿ ಉತ್ತರ ಸಿಗುತ್ತದೆ, ಕೆಲಸ ಹೇಗೆ ಮಾಡುತ್ತಾರೆ ಎಂಬ ಕೇಳಬೇಕಾದ ಪ್ರಶ್ನೆಗೆ ಸಿಗುವುದಿಲ್ಲ. ಪಾರ್ಟಿ ಫೋಟೊಗಿಂತ ನನಗೆ ಇದರ ಅಂಜಿಕೆಯೇ ಹೆಚ್ಚು.

ಹೆಸರು, ಫೋಟೊ ಅಡಗಿಸಿದರೂ ಲೈಕ್‌ಗಳು ಉಳಿದಿರುತ್ತವೆ. 2013ರಲ್ಲಿ ಸಂಶೋಧಕ ಮಿಖಾಲ್ ಕೊಸಿನ್ಸ್ಕಿ ಮತ್ತು ಜೊತೆಗಾರರು ತಾವಾಗಿ ಒಪ್ಪಿ ಬಂದ 58,000ಕ್ಕೂ ಹೆಚ್ಚು ಮಂದಿಯ ಫೇಸ್‌ಬುಕ್ ಲೈಕ್‌ಗಳನ್ನು ಗಣಿತಕ್ಕೆ ಒಡ್ಡಿದರು. ಯಾರು ಯಾವುದಕ್ಕೆ ಲೈಕ್ ಒತ್ತಿದ್ದಾರೆ ಎಂಬ ದೊಡ್ಡ ಕೋಷ್ಟಕ ಮಾಡಿ, ಅದರಲ್ಲಿ ಒಟ್ಟೊಟ್ಟಿಗೆ ಬರುವ ಲೈಕ್‌ಗಳ ಗುಂಪುಗಳನ್ನು ಹೆಕ್ಕಿದರು. ಇಬ್ಬಿಬ್ಬರನ್ನು ಎದುರುಬದುರು ಇಟ್ಟರೆ ಗಂಡು ಯಾರು ಹೆಣ್ಣು ಯಾರು ಎಂಬುದನ್ನು ಕಂಪ್ಯೂಟರ್ 93%, ಕ್ರೈಸ್ತ ಯಾರು ಮುಸ್ಲಿಂ ಯಾರು ಎಂಬುದನ್ನು 82% ಸಲ ಸರಿಯಾಗಿ ಹೇಳಿತು. ಸುರುಳಿ ಸುರುಳಿಯಾಗಿ ಕರಿದ ಆಲೂಗಡ್ಡೆಯ ತಿಂಡಿಗೆ ಲೈಕ್ ಒತ್ತಿದವರು ಬುದ್ಧಿವಂತರೆಂದೂ ಲೆಕ್ಕ ಬಂದಿತ್ತು! ತಿಂಡಿಗೂ ಬುದ್ಧಿಗೂ ಸಂಬಂಧವಿಲ್ಲ. ಅಂಥವರ ಗೆಳೆಯರ ಬಳಗದಲ್ಲಿ ಆ ಲೈಕ್ ಹರಡಿರಬೇಕು, ಅಷ್ಟೆ. ಒಂದು ಲೈಕ್ ಏನನ್ನೂ ಹೇಳದು, ನೂರಾರು ಸೇರಿದಾಗ ನಾವು ಹೇಳದೆ ಉಳಿಸಿಕೊಂಡದ್ದೂ ಹೊರಬೀಳುತ್ತದೆ.

ಕಾನೂನು ಕಾಯುವುದಿಲ್ಲವೇ? ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ತೀರ್ಪಿತ್ತ ಮೊಕದ್ದಮೆಯನ್ನು ಹೂಡಿದ್ದವರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆ ಬಳಿಕ 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು. ಆದರೆ ಅದರ 3ನೇ ಸೆಕ್ಷನ್ನಿನಲ್ಲಿ ಒಂದು ಕಿಂಡಿ ಇದೆ: ವ್ಯಕ್ತಿ ತಾನಾಗಿಯೇ ಸಾರ್ವಜನಿಕಗೊಳಿಸಿದ ಮಾಹಿತಿಗೆ ಈ ಕಾಯ್ದೆ ಅನ್ವಯಿಸುವುದಿಲ್ಲ. ಅಲ್ಲಿ ಕೊಟ್ಟಿರುವ ಉದಾಹರಣೆಯೂ ಸಾಮಾಜಿಕ ಜಾಲತಾಣದ್ದೇ. ಎಲ್ಲರಿಗೂ ಕಾಣುವಂತೆ ಬಿಟ್ಟ ರೀಲ್ಸ್ ಈ ಕಿಂಡಿಯಲ್ಲಿ ಜಾರಿ ಹೋಗುತ್ತದೆ. ಹಾಗಾಗಿ ಅಕೌಂಟನ್ನು ಪ್ರೈವೇಟ್ ಮಾಡುವ ಆ ಪುಟ್ಟ ಸೆಟ್ಟಿಂಗ್‌ಗೆ ಕಾನೂನಿನ ತೂಕವೂ ಇದೆ. ಗೆಳೆಯರು ಟ್ಯಾಗ್ ಮಾಡಿದ್ದು ತಾವು ಒಪ್ಪಿದ ಮೇಲೆಯೇ ಕಾಣುವಂತೆ ಮಾಡಿಕೊಳ್ಳಲೂ ಬರುತ್ತದೆ. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಯಾರೋ ತೆಗೆದಿಟ್ಟ ಸ್ಕ್ರೀನ್‌ಶಾಟ್‌ಗೆ ಮಾತ್ರ ಯಾವ ಸೆಟ್ಟಿಂಗೂ ಇಲ್ಲ.

ಇನ್ನು ಎಂ.ಎಸ್. ಓದಲು ಅಮೆರಿಕಕ್ಕೆ ಹೊರಟವರು ಆ ಪ್ರೈವೇಟ್ ಸೆಟ್ಟಿಂಗಿನ ಬೀಗವನ್ನೂ ತೆಗೆಯಬೇಕು. ವಿದ್ಯಾರ್ಥಿ ವೀಸಾ ಕೇಳುವವರು ತಮ್ಮ ಜಾಲತಾಣದ ಖಾತೆಗಳನ್ನೆಲ್ಲ ‘ಪಬ್ಲಿಕ್’ ಮಾಡಿಡಬೇಕೆಂದು ಅಲ್ಲಿನ ಸರ್ಕಾರ 2025ರ ಜೂನ್‌ನಲ್ಲಿ ಸೂಚಿಸಿತು. ಡಿಸೆಂಬರ್‌ನಿಂದ ಅದು ಎಚ್-1ಬಿ ಉದ್ಯೋಗ ವೀಸಾಕ್ಕೂ ಅನ್ವಯವಾಗಿದೆ.