ತೆರೆದ ಮೂಳೆಮುರಿತ: ಕಾಲೊಳಗಿನ ಸರಳು

ಹೊಲವಾಗಲಿ ಅಂಗಡಿಯಾಗಲಿ, ಕಾಯಕಜೀವಿಗೆ ಕಾಲೇ ಆಧಾರ. ದ್ವಿಚಕ್ರ ವಾಹನದ ಅಪಘಾತಗಳಲ್ಲಿ ಹೆಚ್ಚಾಗಿ ಪೆಟ್ಟು ತಿನ್ನುವುದೂ ಅದೇ. ಮೊಣಕಾಲಿಗೂ ಪಾದಕ್ಕೂ ನಡುವಿನ ದೊಡ್ಡ ಮೂಳೆಯನ್ನು ವೈದ್ಯರು ಟಿಬಿಯಾ ಎನ್ನುತ್ತಾರೆ. ಅದರ ಒಳಮಗ್ಗುಲಿಗೆ ಮಾಂಸದ ಹೊದಿಕೆಯಿಲ್ಲ. ಸವರಿದರೆ ಚರ್ಮದಡಿಯಲ್ಲೇ ಮೂಳೆ ತಾಗುತ್ತದೆ. ಆದುದರಿಂದ ಮುರಿದ ಮೂಳೆ ಚರ್ಮವನ್ನು ಸೀಳಿ ಹೊರಬರುವುದು ಇಲ್ಲಿ ಸುಲಭ. ಇದೇ ತೆರೆದ ಮುರಿತ.

ಇಲ್ಲಿ ಮುರಿತಕ್ಕಿಂತ ಸೋಂಕಿನ ಭಯವೇ ದೊಡ್ಡದು. ರಸ್ತೆಯ ಧೂಳು, ಮಣ್ಣು, ಸಗಣಿಯೊಡನೆ ರೋಗಾಣುಗಳು ಮೂಳೆಯನ್ನೇ ಸೇರುತ್ತವೆ. ಗುಸ್ಟಿಲೊ ಮತ್ತು ಆಂಡರ್ಸನ್ ಎಂಬ ವೈದ್ಯರು 1976ರಲ್ಲಿ ಇಂಥ ಗಾಯಗಳನ್ನು ಮೂರು ದರ್ಜೆಗಳಾಗಿ ವಿಂಗಡಿಸಿದರು. ಒಂದು ಸೆಂಟಿಮೀಟರಿಗಿಂತ ಚಿಕ್ಕದಾದ ಶುಭ್ರ ಗಾಯ ಮೊದಲನೆಯದು. ಮಾಂಸ, ಚರ್ಮಗಳು ಬಹಳವಾಗಿ ಜಜ್ಜಿಹೋದುದು ಮೂರನೆಯದು. ದರ್ಜೆ ಏರಿದಂತೆ ಅಪಾಯವೂ ಏರುತ್ತದೆ.

ಚಿಕಿತ್ಸೆಯ ಮೊದಲ ಹೆಜ್ಜೆ ಪ್ರತಿಜೀವಕ ಔಷಧಿ ಹಾಗೂ ಧನುರ್ವಾಯು ನಿರೋಧಕ ಚುಚ್ಚುಮದ್ದು. ಪ್ರತಿಜೀವಕವು ಸಾಧ್ಯವಾದರೆ ಒಂದು ಗಂಟೆಯೊಳಗೇ ದೇಹ ಸೇರಬೇಕು. ಅನಂತರ ಅರಿವಳಿಕೆ ಕೊಟ್ಟು, ಗಾಯವನ್ನು ಲೀಟರುಗಟ್ಟಲೆ ಲವಣಜಲದಿಂದ ತೊಳೆದು, ಸತ್ತ ಮಾಂಸವನ್ನು ಕತ್ತರಿಸಿ ತೆಗೆಯುತ್ತಾರೆ. ಈ ಶುದ್ಧಿಯೇ ಮುಂದಿನದೆಲ್ಲದರ ಬುನಾದಿ.

ಬಳಿಕ ಮೂಳೆಯನ್ನು ಸ್ಥಿರಗೊಳಿಸಬೇಕು. ಟಿಬಿಯಾದ ನಡುವೆ ಮಜ್ಜೆ ತುಂಬಿದ ಟೊಳ್ಳು ಕೊಳವೆಯಿದೆ. ಮೊಣಕಾಲ ಚಿಪ್ಪಿನ ಬಳಿ ಚಿಕ್ಕ ಸೀಳು ಮಾಡಿ, ಆ ಕೊಳವೆಯಲ್ಲಿ ಉಕ್ಕಿನ ಅಥವಾ ಟೈಟೇನಿಯಮ್ಮಿನ ಸರಳನ್ನು ಇಳಿಸುತ್ತಾರೆ. ಮೇಲೂ ಕೆಳಗೂ ಸ್ಕ್ರೂಗಳಿಂದ ಬಿಗಿದರೆ ಮೂಳೆ ತಿರುಚುವುದಿಲ್ಲ, ಕುಗ್ಗುವುದಿಲ್ಲ. ಜನರು 'ರಾಡ್ ಹಾಕಿದ್ದಾರೆ' ಎನ್ನುವುದು ಇದನ್ನೇ. ಉದ್ದ ಮೂಳೆಗಳಿಗೆ ಈ ವಿಧಾನವನ್ನು 1940ರ ಸುಮಾರಿಗೆ ರೂಢಿಗೆ ತಂದವರು ಜರ್ಮನಿಯ ಶಸ್ತ್ರವೈದ್ಯ ಗೆರ್ಹಾರ್ಡ್ ಕ್ಯುಂಚರ್. ಗಾಯ ತೀರ ಮಲಿನವಾಗಿದ್ದರೆ ಮೊದಲು ಕಾಲಿನ ಹೊರಗೆ ಕಂಬಿಗಳ ಚೌಕಟ್ಟನ್ನು ಕೂಡಿಸಿ, ಸರಳನ್ನು ಆಮೇಲೆ ಹಾಕುವುದುಂಟು. ಚರ್ಮ ಸಾಲದಿದ್ದರೆ ಮೀನಖಂಡದ ಮಾಂಸವನ್ನು ಹೊರಳಿಸಿ ಮೂಳೆಯನ್ನು ಮುಚ್ಚುತ್ತಾರೆ.

ಸರಳು ಆಸರೆ ಮಾತ್ರ, ಕೂಡಿಕೊಳ್ಳಬೇಕಾದುದು ಮೂಳೆ. ಅದಕ್ಕೆ ಹಲವು ತಿಂಗಳು ಬೇಕು. ಬೀಡಿ, ಸಿಗರೇಟು, ಹತೋಟಿಯಿಲ್ಲದ ಸಕ್ಕರೆ ಕಾಯಿಲೆ ಈ ಕೂಡುವಿಕೆಗೆ ಶತ್ರುಗಳು. ಕಾಲಿನ ಮೇಲೆ ಭಾರ ಹಾಕುವುದೆಂದು, ಎಷ್ಟು ಎಂಬುದನ್ನು ವೈದ್ಯರೇ ಹೇಳಬೇಕು. ಗಾಯದಿಂದ ಕೀವು ಬಂದರೆ, ಜ್ವರ ಕಾಣಿಸಿದರೆ ತಡಮಾಡಬಾರದು.

ಸದ್ಭಕ್ತರಲ್ಲಿ ಒಂದು ವಿನಂತಿ. ಅಪಘಾತವಾದೊಡನೆ ಗಾಯಕ್ಕೆ ಅರಿಸಿನ, ಕಾಫಿಪುಡಿ, ಸೊಪ್ಪಿನ ರಸ ಹಾಕಬೇಡಿ. ವಿಭೂತಿಯ ಸ್ಥಾನ ಹಣೆ, ತೆರೆದ ಗಾಯವಲ್ಲ. ಹೊರಬಂದ ಮೂಳೆಯನ್ನು ಒಳಗೆ ತಳ್ಳಬೇಡಿ. ಶುಭ್ರ ಬಟ್ಟೆ ಮುಚ್ಚಿ, ರಕ್ತ ಸೋರುತ್ತಿದ್ದರೆ ಗಾಯದ ಸುತ್ತ ಒತ್ತಿಹಿಡಿದು, ಕಾಲು ಅಲುಗದಂತೆ ಹಲಗೆಯ ಆಸರೆ ಕೊಟ್ಟು 108ಕ್ಕೆ ಕರೆಮಾಡಿ. ತೆರೆದ ಮುರಿತಕ್ಕೆ ನಾಟಿ ಕಟ್ಟು ಕಟ್ಟಿಸಿದರೆ ಕೀವು ಒಳಗೇ ಉಳಿದು, ಬಿಗಿತದಿಂದ ರಕ್ತಸಂಚಾರ ನಿಂತು, ಕಾಲನ್ನೇ ಕಳೆದುಕೊಳ್ಳಬೇಕಾದೀತು. ಮೊದಲ ಕೆಲವು ಗಂಟೆಗಳ ವಿವೇಕವೇ ಮುಂದಿನ ಬದುಕಿನ ನಡಿಗೆಯನ್ನು ಉಳಿಸುತ್ತದೆ.