ಪೌಡರ್ ಡಬ್ಬಕ್ಕೆ ಮೊದಲು ಮುದ್ದೆಯ ಲೆಕ್ಕ

‘ಅಕ್ಕ, ಯಾವ ಪ್ರೋಟೀನ್ ಪೌಡರ್ ತಗೊಳ್ಳಲಿ?’ ಮಳವಳ್ಳಿ, ಮದ್ದೂರು ಕಡೆಯ ಕಬಡ್ಡಿ ಹುಡುಗರು ಎದುರಿಗೆ ಕೂತ ಕೂಡಲೇ ಕೇಳುವುದು ಇದನ್ನೇ. ‘ನಿನ್ನೆ ಬೆಳಗ್ಗೆಯಿಂದ ಏನೇನು ಉಂಡೆ ಹೇಳಪ್ಪ’ ಅನ್ನುತ್ತೇನೆ ನಾನು. ಕ್ರೀಡಾ ಪೋಷಣಾ ತಜ್ಞೆಯ ಕೆಲಸ ಶುರುವಾಗುವುದೇ ಅಲ್ಲಿಂದ.

70 ಕೆ.ಜಿ. ತೂಗುವ ಆಟಗಾರ ಗಟ್ಟಿಯಾಗಿ ಅಭ್ಯಾಸ ಮಾಡುವ ದಿನಗಳಲ್ಲಿ ಕೆ.ಜಿ.ಗೆ 1.6 ಗ್ರಾಂನಂತೆ ಲೆಕ್ಕ ಹಾಕಿದರೆ 112 ಗ್ರಾಂ ಪ್ರೋಟೀನ್ ಬೇಕು. 100 ಗ್ರಾಂ ರಾಗಿಹಿಟ್ಟಿನಲ್ಲಿ ಸಿಗುವುದು ಸುಮಾರು 7 ಗ್ರಾಂ. ಕ್ಯಾಲ್ಸಿಯಂ ಮಾತ್ರ 340 ಮಿಲಿಗ್ರಾಂ ದಾಟುತ್ತದೆ. ತಳಿ ವಿಜ್ಞಾನಿ ರಾಗಿ ಲಕ್ಷ್ಮಣಯ್ಯನವರು ಮಂಡ್ಯದ ವಿ.ಸಿ. ಫಾರಂನಲ್ಲಿ ಇಲ್ಲಿನ ರಾಗಿಗೆ ಆಫ್ರಿಕಾದ ತಳಿ ಕೂಡಿಸಿ ಇಂಡಾಫ್ ರಾಗಿ ಕೊಟ್ಟ ಜಿಲ್ಲೆ ನಮ್ಮದು. ಮುದ್ದೆ ಬಿಡು ಎಂದು ನಾನು ಯಾರಿಗೂ ಹೇಳುವುದಿಲ್ಲ. ಆದರೆ ಸ್ನಾಯು ಕಟ್ಟಲು ಅದೊಂದೇ ಸಾಲದು. ಹುಳ್ಳಿಕಾಳಿನಲ್ಲಿ 100 ಗ್ರಾಂಗೆ 22 ಗ್ರಾಂ ಪ್ರೋಟೀನ್ ಇದೆ. ತೊಂದರೆ ಎಲ್ಲಿದೆಯೆಂದರೆ, ಬಸ್ಸಾರು ಮಾಡಿದ ದಿನ ಹುಡುಗರು ಕಟ್ಟಿನ ಸಾರಿನಲ್ಲಿ ಮುದ್ದೆ ನುಂಗಿ ಕಾಳಿನ ಪಲ್ಯವನ್ನು ತಟ್ಟೆಯಂಚಿಗೆ ತಳ್ಳುತ್ತಾರೆ. ಪ್ರೋಟೀನಿನ ಬಹುಪಾಲು ಉಳಿದಿರುವುದು ಆ ಕಾಳಿನಲ್ಲೇ. ಅದರ ಜೊತೆಗೆ ಮೊಟ್ಟೆ, ಅರ್ಧ ಲೀಟರ್ ಹಾಲು, ಹಿಡಿ ಕಡಲೆಕಾಯಿ ಬೀಜ, ಅನ್ನ ಸೇರಿಸಿ ನೋಡಿ. ಪ್ರಮಾಣ ಸರಿಯಾಗಿದ್ದರೆ ಲೆಕ್ಕ 112ರ ಹತ್ತಿರಕ್ಕೆ ಬರುತ್ತದೆ.

ಮದ್ದೂರಿನ ಎಳನೀರೂ ಹಾಗೆಯೇ. ಅದರಲ್ಲಿ ಪೊಟ್ಯಾಸಿಯಂ ಧಾರಾಳ, ಸೋಡಿಯಂ ಕಡಿಮೆ. ಬೆವರಿನಲ್ಲಿ ಹೆಚ್ಚಾಗಿ ಹರಿದು ಹೋಗುವುದು ಸೋಡಿಯಂ. ಚಿಟಿಕೆ ಉಪ್ಪು, ಚೂರು ಬೆಲ್ಲ ಬೆರೆಸಿ ಕುಡಿಯಿರಿ ಎನ್ನುತ್ತೇನೆ. ಮದ್ದೂರು ವಡೆ ಮಾತ್ರ ಪಂದ್ಯ ಮುಗಿದ ಮೇಲೆ. ಎಣ್ಣೆಯಲ್ಲಿ ಕರಿದದ್ದು ಬೇಗ ಕರಗುವುದಿಲ್ಲ.

ನನಗೆ ಅತಿ ಹೆಚ್ಚು ಭಯ ಹುಟ್ಟಿಸುವುದು ತೂಕದ ಮಿತಿಯ ಪಂದ್ಯಗಳು. ಹಿಂದಿನ ದಿನ ನೀರು ಬಿಟ್ಟು, ಸ್ವೆಟರ್ ತೊಟ್ಟು ಬಿಸಿಲಲ್ಲಿ ಓಡುವ ಹುಡುಗರಿದ್ದಾರೆ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಕುಸ್ತಿಪಟು ವಿನೇಶ್ ಫೋಗಟ್ 50 ಕೆ.ಜಿ. ವಿಭಾಗದ ಫೈನಲ್ ದಿನ 100 ಗ್ರಾಂ ಹೆಚ್ಚಿದ್ದುದಕ್ಕೆ ಅನರ್ಹರಾದರು. ಅಷ್ಟು ದೊಡ್ಡ ತಂಡದ ನೆರವಿದ್ದವರಿಗೇ ಹೀಗಾದರೆ, ಹಳ್ಳಿಯ ಹುಡುಗನಿಗೆ ತಿಂಗಳು ಮೊದಲೇ ತೂಕ ನೋಡಿ ಹೇಳುವವರು ಬೇಡವೇ? ಪೌಡರಿನಲ್ಲೂ ಅನರ್ಹತೆಯ ಭಯವಿದೆ. ಡಬ್ಬದಲ್ಲಿ ನಿಷೇಧಿತ ಪದಾರ್ಥ ಬೆರೆತಿದ್ದರೆ, ತಿಳಿಯದೆ ತಿಂದೆ ಎಂದರೂ ಹೊಣೆ ಆಟಗಾರನದೇ.

ಈ ವೃತ್ತಿಗೆ ಬರಬೇಕೆಂದರೆ ಪಿಯುಸಿಯಲ್ಲಿ ವಿಜ್ಞಾನ ಓದಿ, ಆಹಾರ ಮತ್ತು ಪೋಷಣೆಯಲ್ಲಿ ಬಿ.ಎಸ್ಸಿ., ಎಂ.ಎಸ್ಸಿ. ಮಾಡಬೇಕು. ನಾನು ಓದಿದ್ದು ಮೈಸೂರಿನ ಮಾನಸಗಂಗೋತ್ರಿಯಲ್ಲಿ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯಲ್ಲಿ ಕ್ರೀಡಾ ಪೋಷಣೆಗೇ ಎಂ.ಎಸ್ಸಿ. ಇದೆ. ಇಂಡಿಯನ್ ಡಯೆಟೆಟಿಕ್ ಅಸೋಸಿಯೇಷನ್ ನಡೆಸುವ ನೋಂದಾಯಿತ ಡಯೆಟಿಷಿಯನ್ ಪರೀಕ್ಷೆ ಪಾಸು ಮಾಡಿದರೆ ಜನ ನಂಬುತ್ತಾರೆ. ಚರ್ಮದಡಿಯ ಕೊಬ್ಬು ಅಳೆಯಲು ಐಸ್ಯಾಕ್ ಎಂಬ ಅಂತರರಾಷ್ಟ್ರೀಯ ಸಂಸ್ಥೆಯ ತರಬೇತಿಯೂ ಬೇಕು. ಆನ್‌ಲೈನಿನ ಕೆಲವು ವಾರಗಳ ಸರ್ಟಿಫಿಕೇಟ್ ನಂಬಿ ಇನ್ನೊಬ್ಬರ ಮೈ ಮೇಲೆ ಪ್ರಯೋಗಕ್ಕಿಳಿಯುವುದು ತಪ್ಪು.

ಶುರುವಿನಲ್ಲಿ ಆಟಗಾರರನ್ನೇ ನಂಬಿದರೆ ಮನೆ ನಡೆಯದು. ನಾನು ಬೆಳಗ್ಗೆ ಆಸ್ಪತ್ರೆಯಲ್ಲಿ ಸಕ್ಕರೆ ಕಾಯಿಲೆಯವರಿಗೆ ಪಥ್ಯ ಬರೆದುಕೊಟ್ಟು, ಸಂಜೆ ಮೈದಾನಕ್ಕೆ ಹೋಗುತ್ತಿದ್ದೆ. ಅಕಾಡೆಮಿ, ಪ್ರೊ ಕಬಡ್ಡಿ ತಂಡ, ಬೆಂಗಳೂರಿನ ಭಾರತೀಯ ಕ್ರೀಡಾ ಪ್ರಾಧಿಕಾರದ ಕೇಂದ್ರ, ಇಂಥ ಕಡೆ ಅವಕಾಶ ಸಿಗುವುದು ಆಮೇಲೆ.

ಮನೆಯಲ್ಲಿ ಪಿಯುಸಿ ವಿಜ್ಞಾನ ಓದುವ ಮಗಳಿದ್ದರೆ, ನೀಟ್‌ನಲ್ಲಿ ಸೀಟು ಸಿಗಲಿಲ್ಲ ಎಂದು ಅವಳನ್ನು ಕೂರಿಸಬೇಡಿ. ಈ ಓದಿನ ಬಗ್ಗೆ ಒಮ್ಮೆ ವಿಚಾರಿಸಿ. ನಮ್ಮ ತಾಲ್ಲೂಕುಗಳ ಮೈದಾನಗಳಿಗೆ ಅವಳ ಅಗತ್ಯವಿದೆ.